ಎರಡನೇ ಭಾಗದ ಅರ್ಧ ಟಿಕೆಟ್

ಯಾವುದಾದರೂ ಸಿನಿಮಾದ ಎರಡನೇ ಭಾಗ ಬಂದಿದೆ ಎಂದು ಯಾರಾದರೂ ಕುಣಿದಾಡಿದರೆ ನನಗೆ ಮೈ ಉರಿಯುತ್ತದೆ. ಅದರಲ್ಲೂ ಇಬ್ಬರು ಜೋಡಿ ನಾಯಕರು ಒಬ್ಬರನ್ನೊಬ್ಬರು ಬೈದುಕೊಂಡು, ಹೊಡೆದಾಡಿಕೊಂಡು, ನಮ್ಮನ್ನು ನಗಿಸಿಕೊಂಡು ಓಡುವಂಥ ಸಿನಿಮಾ ಆದರೆ ಇನ್ನೂ ಹೆಚ್ಚು. ನೋಡಿಬಂದವರೆಲ್ಲ ‘ಮೊದಲನೇದರಷ್ಟು ಇಲ್ಲ’ ಎನ್ನುತ್ತಾರೆ. ಒಂದು ಕಾಲದಲ್ಲಿ ನಾನೂ ಹಾಗೇ ಅಂದಿದ್ದೆ. ಆಡಿದ ಆ ಮಾತು ಇಷ್ಟು ವರ್ಷವಾದರೂ ನನ್ನ ಬೆನ್ನು ಬಿಟ್ಟಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಹುಣಸೂರು ತಾಲ್ಲೂಕು, ಕಟ್ಟೆಮಳಲವಾಡಿ ಕಡೆ. ನಾನು ಹೇಳುತ್ತಿರುವುದು ತೊಂಬತ್ತರ ದಶಕದ ನಡುವಿನ ಮಾತು. ನಾನೂ ನನ್ನ ಗೆಳೆಯನೂ ಪಕ್ಕಪಕ್ಕದ ಹೊಲದವರು, ಇಬ್ಬರಿಗೂ ಇಪ್ಪತ್ತು ದಾಟಿತ್ತು. ಎರಡು ಮನೆಗೂ ಸೇರಿ ಒಂದೇ ಬ್ಯಾರನ್ನು. ಬ್ಯಾರನ್ನು ಎಂದರೆ ಹೊಗೆಸೊಪ್ಪು ಬೇಯಿಸುವ ಎತ್ತರದ ಕಟ್ಟಡ. ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟಿ ಒಳಗೆ ಸಾಲಾಗಿ ನೇತುಹಾಕಿ, ಹೊರಗಿನಿಂದ ಒಲೆ ಉರಿಸಿ, ದಪ್ಪ ತಗಡಿನ ಕೊಳವೆಯಲ್ಲಿ ಶಾಖ ಹಾಯಿಸಬೇಕು. ಒಂದು ಸಲ ಒಲೆ ಹಚ್ಚಿದರೆ ಐದಾರು ದಿನ ಯಾರಾದರೂ ಕಾವಲು ಇರಲೇಬೇಕು. ಶಾಖ ಸ್ವಲ್ಪ ಏರುಪೇರಾದರೂ ಸೊಪ್ಪು ಕೆಟ್ಟುಹೋಗುತ್ತದೆ.

ಹಾಗಾಗಿ ಸೊಪ್ಪಿನ ಕಾಲದಲ್ಲಿ ನಾವಿಬ್ಬರೂ ಒಟ್ಟಿಗೆ ಸಿನಿಮಾಕ್ಕೆ ಹೋಗುವಂತಿರಲಿಲ್ಲ. ಅದಕ್ಕೊಂದು ಕಟ್ಟಳೆ ಮಾಡಿಕೊಂಡಿದ್ದೆವು. ಕಾಸು ಚಿಮ್ಮುವುದು. ಗೆದ್ದವನು ಹುಣಸೂರಿಗೆ ಬಸ್ಸು ಹತ್ತಿ ಮ್ಯಾಟಿನಿ ನೋಡಿಬರುವುದು, ಸೋತವನು ಒಲೆ ಕಾಯುವುದು. ಬಂದವನು ಸೊಪ್ಪು ಕಟ್ಟುತ್ತಾ ಕೂತು ಕಥೆ ಪೂರ್ತಿ ಒಪ್ಪಿಸಬೇಕು. ಒಂದು ಫೈಟೂ ಬಿಡುವಂತಿಲ್ಲ, ಒಂದು ಜೋಕೂ ನುಂಗುವಂತಿಲ್ಲ.

ಆ ವರ್ಷ ಟಾಕೀಸಿಗೆ ಒಂದು ಇಂಗ್ಲಿಷ್ ಸಿನಿಮಾ ಬಂತು. ಒಬ್ಬ ಬೋಳುತಲೆಯ ಪೊಲೀಸು, ಒಬ್ಬ ಬೀಗ ಒಡೆಯುವ ಸಣಕಲು ಕಳ್ಳ. ಇಬ್ಬರೂ ಸೇರಿ ದೊಡ್ಡ ದುಷ್ಟನೊಬ್ಬನನ್ನು ಹಿಡಿಯಬೇಕು. ಅಂಥ ಸಿನಿಮಾ ಬಂದರೆ ಗುರುಪುರದ ಟಿಬೆಟನ್ ಕ್ಯಾಂಪಿನಿಂದ ಹುಡುಗರೆಲ್ಲ ಬಂದು ಮುಂದಿನ ಸಾಲು ಹಿಡಿದುಬಿಡುತ್ತಿದ್ದರು. ಕಾಸು ಚಿಮ್ಮಿದೆವು, ಅವನು ಗೆದ್ದ. ಸಂಜೆ ಹೊತ್ತಿಗೆ ಬ್ಯಾರನ್ನಿನ ಮುಂದೆ ಬಂದು ನಿಂತಾಗ ಅವನ ಮುಖವೇ ಬೇರೆಯಾಗಿತ್ತು.

ಮೂರು ದಿನ ಹೇಳಿದ ಆ ಕಥೆಯನ್ನು. ನಾನು ಸೊಪ್ಪು ಜೋಡಿಸಿ ಕೊಡುತ್ತಿದ್ದೆ, ಅವನು ದಾರ ಸುತ್ತುತ್ತಾ ಹೇಳುತ್ತಿದ್ದ. ಪೊಲೀಸಿನ ಮಾತಿಗೆ ಒಂದು ದನಿ, ಕಳ್ಳನ ಮಾತಿಗೆ ಒಂದು ದನಿ. ನನಗೆ ಬಹಳ ಹಿಡಿಸಿದ್ದು ಕೊನೆಯ ಭಾಗ. ದುಷ್ಟರು ಇವರಿಬ್ಬರನ್ನೂ ಒಂದು ಬ್ಯಾರನ್ನಿನಲ್ಲಿ ಕೂಡಿಹಾಕಿ ಒಲೆ ಹಚ್ಚುತ್ತಾರೆ. ಶಾಖ ಏರುತ್ತಾ ಹೋಗುತ್ತದೆ. ಹೊರಗೆ ಹೋಗಲು ಮೇಲಿನ ಸಣ್ಣ ಗಾಳಿಕಿಂಡಿ ಒಂದೇ, ಒಬ್ಬರ ಹೆಗಲ ಮೇಲೆ ಒಬ್ಬರು ಹತ್ತಬೇಕು. ಆಗ ಕಳ್ಳ ಬಗ್ಗಿ ಹೆಗಲು ಕೊಟ್ಟು ಹೇಳುತ್ತಾನೆ:

“ನೀನು ಮುಂದೆ ಓಗ್ಲಾ, ನಾನು ಇಂದ್ಲೇ ಬತ್ತೀನಿ.”

ನನಗೆ ಸಣ್ಣದೊಂದು ಅನುಮಾನ ಬಂದಿತ್ತು.

“ಲೇ, ಅಮೆರಿಕಾದಲ್ಲೂ ಬ್ಯಾರನ್ನು ಅದೇನ್ಲಾ?”

“ಊಂ ಕಣ್ಲಾ. ವರ್ಜೀನಿಯಾ ಸೊಪ್ಪು ಅಂತೀವಲ್ಲ, ಅದೇನು ನಿಮ್ಮಪ್ಪನ ಊರಿಂದ ಬಂತಾ?”

ವರ್ಜೀನಿಯಾ ಇರುವುದು ಅಮೆರಿಕಾದಲ್ಲೇ ಅಲ್ಲವೇ, ಒಪ್ಪಿಕೊಂಡೆ. ಕಳ್ಳ ಹೊರಗೆ ಬಂದನೋ ಇಲ್ಲವೋ ಎಂದು ಕೇಳಿದರೆ, “ಅದು ಎರಡನೇ ಭಾಗದಲ್ಲಿ ಬತ್ತದೆ, ಕಾಯಿ” ಎಂದ. ಮುಂದಿನ ವಾರ ನಾನು ಹುಣಸೂರಿಗೆ ಹೋಗುವಷ್ಟರಲ್ಲಿ ಆ ಸಿನಿಮಾ ಎತ್ತಿಯಾಗಿತ್ತು. ನೋಡಲಾಗಲಿಲ್ಲ ಎಂಬ ಬೇಸರವೇ ನನಗೆ ಉಳಿಯಲಿಲ್ಲ, ನೋಡಿದವನಿಗಿಂತ ಚೆನ್ನಾಗಿ ಅದು ನನಗೆ ನೆನಪಿತ್ತು. ಎರಡನೇ ಭಾಗ ಬಂದರೆ ಮಾತ್ರ ಕಾಸು ಚಿಮ್ಮುವಂತಿಲ್ಲ, ಒಲೆ ಕಾಯಲು ಯಾರ ಕಾಲಾದರೂ ಹಿಡಿದು ಇಬ್ಬರೂ ಒಟ್ಟಿಗೆ ಹೋಗುವುದು ಎಂದು ಮಾತಾಯಿತು.

ಎರಡನೇ ಭಾಗ ಬರಲು ಆರೇಳು ವರ್ಷ ಹಿಡಿಯಿತು. ಅಷ್ಟರಲ್ಲಿ ನನಗೆ ಮದುವೆಯಾಗಿ ಒಂದು ಮಗುವಾಗಿತ್ತು, ಅವನು ಇನ್ನೂ ಹೆಣ್ಣು ನೋಡುತ್ತಿದ್ದ. ಬ್ಯಾರನ್ನು ಮಾತ್ರ ಇಬ್ಬರದ್ದೂ ಒಂದೇ. ಸೊಪ್ಪು ಕಟ್ಟುವ ದಾರ ಮುಗಿಯಿತೆಂದು ಅವನನ್ನು ಒಲೆಯ ಮುಂದೆ ಕೂರಿಸಿ ನಾನು ಹುಣಸೂರಿಗೆ ಹೋದೆ. ಬಸ್‌ಸ್ಟ್ಯಾಂಡಿನ ಗೋಡೆಯ ಮೇಲೆ ಪೋಸ್ಟರು. ಅದೇ ಬೋಳುತಲೆ, ಅದೇ ಸಣಕಲ. ಮ್ಯಾಟಿನಿಗೆ ಇನ್ನು ಹತ್ತು ನಿಮಿಷ.

ಹೋಗಬಾರದಿತ್ತು. ಹೋದೆ. ಅದಕ್ಕೆ ಕಾರಣ ಹುಡುಕಿ ಹುಡುಕಿ ಸಾಕಾಗಿದೆ, ಯಾವುದೂ ನನಗೇ ಒಪ್ಪಿಗೆಯಾಗುವುದಿಲ್ಲ.

ಸಿನಿಮಾ ಸಪ್ಪೆಯಾಗಿತ್ತು. ಇಬ್ಬರೂ ಓಡುತ್ತಿದ್ದರು, ಕಾರು ಉರುಳುತ್ತಿತ್ತು, ಟಿಬೆಟನ್ ಹುಡುಗರು ಶಿಳ್ಳೆ ಹೊಡೆಯುತ್ತಿದ್ದರು. ನನಗೆ ಮಾತು ಒಂದೂ ತಿಳಿಯುತ್ತಿರಲಿಲ್ಲ. ಕಳ್ಳ ಬ್ಯಾರನ್ನಿನಿಂದ ಹೇಗೆ ಹೊರಬಂದ ಎಂದು ಯಾರೂ ಹೇಳಲೇ ಇಲ್ಲ. ಇಂಟರ್‌ವಲ್ಲಿನಲ್ಲಿ ಬೇಸರಕ್ಕೆ, ಮರೆತೇನೆಂದು ಬಾಗಿಲಲ್ಲಿ ಹರಿದುಕೊಟ್ಟ ಅರ್ಧ ಟಿಕೆಟ್ಟಿನ ಹಿಂದೆ ತರಬೇಕಾದ ಸಾಮಾನು ಬರೆದುಕೊಂಡೆ. ದಾರದ ಉಂಡೆ ನಾಲ್ಕು, ಬೆಂಕಿಪೊಟ್ಟಣ, ಅವನಿಗೆ ಬೀಡಿ.

ಹೊತ್ತಿಳಿಯುವಾಗ ಬ್ಯಾರನ್ನಿನ ಹತ್ತಿರ ಬಂದೆ. ಅವನು ಬೆವರು ಒರೆಸಿಕೊಳ್ಳುತ್ತಾ, “ಏನ್ಲಾ ಇಷ್ಟೊತ್ತು?” ಎಂದ. “ಅಂಗಡಿ ಬಾಗ್ಲು ಆಕಿತ್ತು ಕಣ್ಲಾ, ಕಾದೆ” ಎಂದೆ. ಬ್ಯಾರನ್ನಿನ ಒಳಗೆ ಹೋಗಲು ನಮ್ಮದೊಂದು ಹಳೇ ಅಂಗಿ ಇತ್ತು, ಒಲೆ ಪಕ್ಕದ ಗೂಟದಲ್ಲೇ ಅದರ ವಾಸ. ಪಾಳಿಗೆ ಬಂದವನು ತನ್ನ ಒಳ್ಳೆಯ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ ಅದನ್ನು ತೊಡಬೇಕು. ಅವನು ಬಿಚ್ಚಿಕೊಟ್ಟದ್ದನ್ನು ತೊಟ್ಟು, ನನ್ನದನ್ನು ಗೂಟಕ್ಕೆ ಹಾಕಿ ಶಾಖ ನೋಡಲು ಒಳಗೆ ಹೋದೆ. ಹಿಂದಿನಿಂದ ಅವನು ಬೀಡಿ ಎಲ್ಲಿ ಎಂದು ಕೂಗಿದ. ಅಂಗಿ ಜೇಬಲ್ಲಿ ನೋಡು ಎಂದು ನಾನೇ ಕೂಗಿ ಹೇಳಿದೆ.

ಹೊರಗೆ ಬಂದಾಗ ಅವನು ಬೀಡಿ ಸೇದುತ್ತಾ ಕೂತಿದ್ದ. ಎರಡು ದಿನ ಬಿಟ್ಟು, ದಾರ ಸುತ್ತುತ್ತಾ, “ನಮ್ ಸಿನಿಮಾ ಬಂದದಂತೆ, ಎರಡನೇದು” ಎಂದ.

“ಚೆನ್ನಾಗಿಲ್ವಂತೆ ಕಣ್ಲಾ, ಬುಡು. ಮೊದಲ್ನೇದ್ರಷ್ಟು ಇಲ್ವಂತೆ.”

“ಅಂಗಾ? ಯಾರಂದ್ರು?”

“ಯಾರೋ ಬಸ್ಸಲ್ಲಿ ಮಾತಾಡ್ಕತಿದ್ರು.”

“ಸರಿ ಬುಡು” ಎಂದು ದಾರ ಹಲ್ಲಿನಲ್ಲಿ ಕಡಿದ. ಅವನು ಹೋಗಿ ನೋಡಲಿಲ್ಲ. ಸಿನಿಮಾವನ್ನು ಒಂದೇ ವಾರಕ್ಕೆ ಎತ್ತಿದರು.

ಸೊಪ್ಪೆಲ್ಲ ಮುಗಿದ ಮೇಲೆ ಚಳಿಗಾಲದಲ್ಲಿ ಅವನಿಗೆ ಜ್ವರ ಬಂತು. ಜ್ವರ ಕಾಮಾಲೆಯಾಯಿತು. ಎಚ್.ಡಿ. ಕೋಟೆ ಕಡೆಯಿಂದ ಸೊಪ್ಪಿನ ಔಷಧಿ ತಂದು ಕುಡಿಸಿದರು, ಪಥ್ಯ ಮಾಡಿಸಿದರು. ಮೈಸೂರಿಗೆ ಕರೆದುಕೊಂಡು ಹೋಗುವಾಗ ತಡವಾಗಿತ್ತು. ಅದಕ್ಕೂ ಮುಂಚೆ ನಾನು ದಿನಾ ಮಧ್ಯಾಹ್ನ ಅವನ ಹಾಸಿಗೆಯ ಪಕ್ಕ ಹೋಗಿ ಕೂರುತ್ತಿದ್ದೆ. ಕಣ್ಣು ಅರಿಸಿನವಾಗಿತ್ತು. ಗೋಡೆ ಕಡೆ ತಿರುಗಿ ಮಲಗಿಕೊಂಡೇ, “ಏನಾದ್ರೂ ಏಳ್ಲಾ” ಎನ್ನುತ್ತಿದ್ದ.

ನಾನು ಸಸಿ ಮಡಿಯ ವಿಚಾರ ಹೇಳಿದೆ. ಬ್ಯಾರನ್ನಿನ ಹೆಂಚು ಒಡೆದದ್ದು ಹೇಳಿದೆ. ನನ್ನ ಮಗು ನಡೆಯಲು ಕಲಿತದ್ದು ಹೇಳಿದೆ. ಅವನು ಎಲ್ಲಕ್ಕೂ ಹೂಂಗುಟ್ಟಿ, ಸ್ವಲ್ಪ ಹೊತ್ತಾದ ಮೇಲೆ ಮತ್ತೆ, “ಇನ್ನೇನಾದ್ರೂ ಏಳ್ಲಾ” ಎನ್ನುತ್ತಿದ್ದ. ಆ ದನಿ ಈಗಲೂ ಕೇಳುತ್ತದೆ. ನಡುಹಗಲಲ್ಲಿ, ಜನರ ನಡುವೆ, ಬಸ್ಸಿನಲ್ಲಿ ಕೂತಾಗ ಪಕ್ಕದ ಸೀಟಿನಿಂದ ಕೇಳಿದ ಹಾಗೆ ಆಗಿ ತಿರುಗಿ ನೋಡಿದ್ದೇನೆ.

ಅವನು ಹೋದ ಕೆಲವು ತಿಂಗಳಿಗೆ ನಾನು ಪಿರಿಯಾಪಟ್ಟಣದ ನನ್ನ ತಂಗಿಯ ಮನೆಗೆ ಹೋಗಿದ್ದೆ. ಭಾನುವಾರ ಮಧ್ಯಾಹ್ನ, ಊಟವಾಗಿ ಕೂತಿದ್ದಾಗ ಕೇಬಲ್ಲಿನಲ್ಲಿ ಮೊದಲನೇ ಭಾಗ ಬಂತು. ಮೈಯೆಲ್ಲ ಕಣ್ಣಾಗಿ ನೋಡಿದೆ. ಓಡುತ್ತಾರೆ, ಕಾರು ಉರುಳುತ್ತದೆ, ಯಾರೋ ಕೇಕಿನ ಮೇಲೆ ಬೀಳುತ್ತಾರೆ. ನನಗೆ ಗೊತ್ತಿದ್ದ ಸಿನಿಮಾ ಅದಲ್ಲ. ಬ್ಯಾರನ್ನು ಬರಲಿ ಎಂದು ಕಾದೆ. ಕೊನೆಯಲ್ಲಿ ಇಬ್ಬರನ್ನೂ ಒಂದು ಐಸಿನ ಗೋದಾಮಿನಲ್ಲಿ ಕೂಡಿಹಾಕಿದರು. ಪೊಲೀಸು ಬಾಗಿಲಿಗೆ ಒದ್ದ, ಬಾಗಿಲು ತೆರೆಯಿತು, ಇಬ್ಬರೂ ಹೊರಗೆ ಬಂದರು. ಯಾರೂ ಹೆಗಲು ಕೊಡಲಿಲ್ಲ. ಯಾರೂ ಯಾರಿಗೂ ಮುಂದೆ ಹೋಗು ಎನ್ನಲಿಲ್ಲ.

ಅಂದರೆ ಎರಡನೆಯದು ಮೊದಲನೆಯದಕ್ಕೆ ಏನೂ ಕಡಿಮೆ ಇರಲಿಲ್ಲ. ಎರಡೂ ಅಷ್ಟಕ್ಕಷ್ಟೇ. ಅವನಿಗೂ ಇಂಗ್ಲಿಷ್ ಬರುತ್ತಿರಲಿಲ್ಲವಲ್ಲ! ಮ್ಯಾಟಿನಿಯಲ್ಲಿ ಕೂತು ನನ್ನ ಹಾಗೇ ಏನೂ ತಿಳಿಯದೆ ನೋಡಿದ್ದ. ಆದರೆ ಒಲೆಯ ಮುಂದೆ ನಾನೊಬ್ಬ ಬೇಯುತ್ತಾ ಕಾದಿದ್ದೇನೆ ಎಂದು ಬಸ್ಸಿನಲ್ಲಿ ಬರುತ್ತಾ ಅಷ್ಟನ್ನೂ ಕಟ್ಟಿಕೊಂಡು ಬಂದಿದ್ದ. ನಾನು ಅದೇ ಬಸ್ಸಿನಲ್ಲಿ ಕಟ್ಟಿಕೊಂಡು ಬಂದದ್ದು ಅಂಗಡಿ ಬಾಗಿಲಿನ ಸುಳ್ಳನ್ನು. ತಂಗಿ ಕಾಫಿ ತಂದವಳು, “ಯಾಕಣ್ಣ, ತಮಾಷೆ ಸಿನಿಮಾ ನೋಡ್ಕಂಡು ಅಳ್ತಿದೀಯಾ?” ಎಂದಳು.

ಆ ವರ್ಷ ಪಿತೃಪಕ್ಷದಲ್ಲಿ ಅವನ ಹೆಸರಿಗೆ ಮೊದಲ ಎಡೆ. ಹಬ್ಬದ ದಿನ ಬೆಳಿಗ್ಗೆ ಅವನ ಅವ್ವ ನನ್ನನ್ನು ಕರೆದರು. ನಮ್ಮ ಕಡೆ ಸತ್ತವರಿಗೆ ಇಷ್ಟವಾದುದನ್ನೆಲ್ಲ ಎಲೆಯ ಮುಂದೆ ಇಟ್ಟು, ಧೂಪ ಹಾಕಿ, ಎಲ್ಲರೂ ಹೊರಗೆ ಬಂದು ಬಾಗಿಲು ಹಾಕಿಕೊಳ್ಳುತ್ತೇವೆ. ಅವರು ಬಂದು ಉಂಡು ಹೋಗಲಿ ಎಂದು ಸ್ವಲ್ಪ ಹೊತ್ತು ಬಿಟ್ಟು, ಕೆಮ್ಮಿ, ಬಾಗಿಲು ತೆಗೆಯುವುದು.

ಒಳಗೆ ಹೋದೆ. ಹೊಸ ಪಂಚೆ, ಮುದ್ದೆ, ಕೋಳಿಸಾರು, ವಡೆ, ಒಂದು ಕಟ್ಟು ಬೀಡಿ. ಬೀಡಿಯ ಪಕ್ಕ ಗುಲಾಬಿ ಬಣ್ಣದ ಒಂದು ಅರ್ಧ ಟಿಕೆಟ್ಟು.

“ಅವನ್ ಅಂಗಿ ಜೇಬಲ್ಲಿತ್ತು ಕಣ್ಮಗ. ಕಡೇದಾಗಿ ನೋಡಿದ್ ಸಿನಿಮಾ ಇರಬೋದು ಅಂತ ಮಡಗ್ದೆ. ಸಿನಿಮಾ ಅಂದ್ರೆ ಜೀವ ಬುಡೋನಲ್ವಾ” ಎಂದರು ಅವ್ವ.

ತಿರುಗಿಸಿ ನೋಡಿದೆ. ದಾರದ ಉಂಡೆ ನಾಲ್ಕು, ಬೆಂಕಿಪೊಟ್ಟಣ, ಬೀಡಿ. ನನ್ನ ಕೈಬರಹ. ಅವತ್ತು ನನ್ನ ಅಂಗಿ ಜೇಬಿನಿಂದ ಬೀಡಿ ತೆಗೆದವನು ಇದನ್ನೂ ತೆಗೆದುಕೊಂಡಿದ್ದ.

“ಸೊಪ್ಪಿನ ಕಾಲ್ದಲ್ಲಿ ಅಂಗಿ ಒಗಿಯೋವಾಗ ಇದ್ನ ನೋಡಿ, ಸಿನಿಮಾ ಎಂಗಿತ್ಲಾ ಅಂತ ಕೇಳ್ದೆ ಅವತ್ತು” ಎಂದು ಅವ್ವ ಎಲೆಗೆ ನೀರು ಸುತ್ತುತ್ತಾ ಹೇಳುತ್ತಿದ್ದರು. “‘ಕತೆ ಇನ್ನೂ ಬಂದಿಲ್ಲ ಕಣವ್ವ, ಬತ್ತದೆ’ ಅಂದ. ನೋಡ್ಕ ಬಂದೋನು ಕತೆ ಬಂದಿಲ್ಲ ಅಂತಾನಲ್ಲ, ಏನು ಉಚ್ಚೋ ಅಂದ್ಕಂಡೆ.”

ಹೊರಗೆ ಬಂದೆವು. ಅವ್ವ ಬಾಗಿಲು ಎಳೆದುಕೊಂಡು ಜಗಲಿಯ ಮೇಲೆ ಕೂತರು. ಬಿಸಿಲು ಚೆನ್ನಾಗಿತ್ತು, ಕೋಳಿಗಳು ಅಂಗಳ ಕೆರೆಯುತ್ತಿದ್ದವು. ನಾನು ಬಾಗಿಲಿಗೆ ಬೆನ್ನು ಕೊಟ್ಟು ಕೂತೆ. ಒಳಗೆ ಏನೂ ಸದ್ದಿರಲಿಲ್ಲ. ಕಾಯುವವನೊಬ್ಬ ಕೂತಿರುವ ಸದ್ದಿಲ್ಲದಿರುವಿಕೆ ಅದು, ನನಗೆ ಚೆನ್ನಾಗಿ ಗೊತ್ತು.

ಬಾಯಿ ತಾನಾಗಿ ತೆರೆಯಿತು.

“ನಾನೊಬ್ನೇ ಓಗಿದ್ದೆ ಕಣ್ಲಾ” ಎಂದೆ. “ನಿನ್ನ ಒಲೆ ಮುಂದೆ ಕೂರುಸ್ಬುಟ್ಟು ಓಗಿದ್ದೆ.”

ಅವ್ವ ನನ್ನ ಕಡೆ ತಿರುಗಿದರು. ಆಮೇಲೆ ನಾನು ನಿಲ್ಲಿಸಲಿಲ್ಲ. ಎರಡನೇ ಭಾಗ ಹೇಳತೊಡಗಿದೆ. ಅದರಲ್ಲಿ ಇಲ್ಲದ್ದನ್ನೆಲ್ಲ ಹೇಳಿದೆ. ಬ್ಯಾರನ್ನಿನ ಒಳಗೆ ಉಳಿದ ಕಳ್ಳ, ಹೊರಗೆ ನಿಂತ ಪೊಲೀಸು. ಪೊಲೀಸು ಓಡಿಹೋಗಿ ಒಲೆಯ ಸೌದೆ ಎಳೆದುಹಾಕುತ್ತಾನೆ, ಕೈ ಸುಟ್ಟುಕೊಳ್ಳುತ್ತಾನೆ, ಬಾಗಿಲಿಗೆ ಒದೆಯುತ್ತಾನೆ. ಅಲ್ಲಿಯವರೆಗೆ ಹೇಳಿದೆ. ಬಾಗಿಲು ತೆಗೆದಾಗ ಒಳಗೆ ಏನಿತ್ತು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಬಾಗಿಲು ತೆಗೆಯುವ ಹೊತ್ತು ಮೀರಿತ್ತು. ಅವ್ವ ಕೆಮ್ಮಲಿಲ್ಲ, ಏಳಲಿಲ್ಲ. ಸೆರಗಿನಲ್ಲಿ ಮೂಗು ಒರೆಸಿಕೊಂಡು, ಬಾಗಿಲಿನ ಕಡೆ ಒಂದು ಸಲ ನೋಡಿ, ನನ್ನ ಮಂಡಿ ತಟ್ಟಿದರು.

“ಮುಂದಕ್ಕೆ ಕತೆ ಏಳು ಮಗ, ಕೇಳ್ತಾವ್ನೆ.”