ಷಡ್ಜ-ಪಂಚಮಕ್ಕೆ ಇಳಿದ ಪಿಟೀಲು

ಪಿಟೀಲು ಪೆಟ್ಟಿಗೆಯ ಮುಚ್ಚಳ ತೆಗೆದೊಡನೆ ಕಮಾನಿಗೆ ತಿಕ್ಕುವ ರಾಳದ ವಾಸನೆ ಬಂತು. ಅದರ ಹಿಂದೆಯೇ ಅಪ್ಪ ನೆನಪಿಗೆ ಬಂದರು. ಎಟೋಬಿಕೋಕಿನ ನಮ್ಮ ಹಳೆಯ ಮನೆ ಮಾರಾಟವಾಗಿ, ಮೊನ್ನೆ ಬೇಸ್‌ಮೆಂಟು ಖಾಲಿ ಮಾಡಲು ಹೋಗಿದ್ದೆ. ಮೈಸೂರಿನಲ್ಲಿ ಸಂಗೀತ ಕಛೇರಿಗಳಿಗೆ ಪಿಟೀಲು ನುಡಿಸುತ್ತಿದ್ದ ಅಪ್ಪ ಈ ಹಿಮದ ದೇಶಕ್ಕೆ ಬಂದ ಮೇಲೆ ಬೋಲ್ಟನ್ನಿನ ವೇರ್‌ಹೌಸಿನಲ್ಲಿ ಶಿಫ್ಟು ಮಾಡುತ್ತಿದ್ದರು. ಮನೆಗಿದ್ದದ್ದು ಒಂದೇ ಪಿಟೀಲು, ಅದೂ ನನ್ನ ಸ್ಕೂಲಿಗೆಂದು ಕೊಂಡ ಸೆಕೆಂಡ್‌ಹ್ಯಾಂಡು. ನನ್ನ ಅಭ್ಯಾಸ ಮುಗಿದ ಮೇಲೆ ಅಪ್ಪ ಬಿರಡೆ ತಿರುಗಿಸಿ, ತಂತಿಗಳನ್ನು ನಮ್ಮ ಸಂಗೀತದ ಷಡ್ಜ-ಪಂಚಮಕ್ಕೆ ತಂದು, ನೆಲದ ಮೇಲೆ ಚಕ್ಕಳಮಕ್ಕಳ ಕೂತು ಅರ್ಧ ಗಂಟೆ ನುಡಿಸುವರು. ಆಮೇಲೆ ಮತ್ತೆ ನನ್ನ ಸ್ಕೂಲಿನ ಶ್ರುತಿಗೆ ಸರಿಮಾಡಿ ಪೆಟ್ಟಿಗೆಯಲ್ಲಿಡುವರು.

ನನಗೆ ಹನ್ನೆರಡು ತುಂಬಿದ ವರ್ಷ ಸ್ಕೂಲಿನ ಕಾರ್ಯಕ್ರಮಕ್ಕೆ ಮುನ್ನೂರು ವರ್ಷ ಹಳೆಯ, ಪಾಶ್ಚಾತ್ಯ ಸಂಗೀತದ ಬರೋಕ್ ಕಾಲದ ಕನ್ಚೆರ್ಟೊ ಒಂದನ್ನು ಆರಿಸಿದರು. ಒಂಟಿ ವಯಲಿನ್ ನನ್ನದು. ಅದಕ್ಕೆ ಉತ್ತರ ಕೊಡುವ ತಂತಿವಾದ್ಯಗಳ ತಂಡ ಸಹಪಾಠಿಗಳದು. ಮನೆಯಲ್ಲಿ ಆ ತಂಡವೆಲ್ಲ ಅಪ್ಪನೊಬ್ಬರೇ. ನಾನು ಅಭ್ಯಾಸ ಮಾಡುವ ಬೇಸ್‌ಮೆಂಟಿನಲ್ಲಿ ವಾಷಿಂಗ್ ಮಶೀನಿಗೆ ಒರಗಿ, ತೊಡೆಯ ಮೇಲೆ ತಾಳ ಹಾಕುತ್ತ, ತಂಡದ ಭಾಗವನ್ನು ಸರಿಗಮದಲ್ಲಿ ಹಾಡುವರು. "ಇದು ಅರ್ಧ ನಟಭೈರವಿ, ಅರ್ಧ ಕೀರವಾಣಿ ಕಣೆ. ನಮ್ಮೋರೇ ಯಾರೋ ಹೋಗಿ ಹೇಳ್ಕೊಟ್ಟಿರ್ಬೇಕು," ಎಂದು ನಗುವರು. ಕಾರ್ಯಕ್ರಮದ ಸಂಜೆ ಅಮ್ಮ ನನಗೆ ಜಡೆ ಹಾಕುತ್ತಿದ್ದಾಗ, ನನಗಿಂತ ಹೆಚ್ಚು ದಿಗಿಲುಬಿದ್ದಿದ್ದ ಅಪ್ಪ ಸಮಾಧಾನಕ್ಕೆಂದು ಒಂದು ಕೃತಿ ನುಡಿಸಿ, ಅವಸರದಲ್ಲಿ ತಂತಿ ಸರಿಮಾಡದೆ ಹಾಗೆಯೇ ಪೆಟ್ಟಿಗೆಯಲ್ಲಿಟ್ಟರು. ಹಿಮ ಬಿದ್ದು ಟ್ರಾಫಿಕ್ಕು ನಿಂತಿತ್ತು. ತಡವಾಗಿ ತಲುಪಿ, ಶ್ರುತಿ ನೋಡದೆ ವೇದಿಕೆಗೆ ಓಡಿದೆ. ತಂಡ ತನ್ನ ಮೊದಲ ಭಾಗ ಮುಗಿಸಿತು. ನಾನು ಕಮಾನು ಎಳೆದರೆ ಬಂದದ್ದು ಬೇರೆಯೇ ಸ್ವರ. ಟೀಚರು ಎಲ್ಲರನ್ನೂ ನಿಲ್ಲಿಸಿ, ಅಲ್ಲಿಯೇ ತಂತಿ ಸರಿಮಾಡಿಕೊಟ್ಟರು. ಎರಡನೆಯ ಸಲ ಚೆನ್ನಾಗಿಯೇ ನುಡಿಸಿದೆ, ಚಪ್ಪಾಳೆಯೂ ಬಿತ್ತು. ಕಿವಿಯಲ್ಲಿ ಉಳಿದದ್ದು ಮಾತ್ರ ಯಾರೋ ಕಿಸಕ್ಕನೆ ನಕ್ಕ ಸದ್ದು. ಮನೆಗೆ ಬರುವಾಗ ಕಾರಿನಲ್ಲಿ ಹೇಳಿಬಿಟ್ಟೆ: "ಇನ್ಮೇಲೆ ನನ್ ವಯಲಿನ್ ಮುಟ್ಬೇಡಿ ಅಪ್ಪ. ಜಸ್ಟ್ ಡೋಂಟ್."

ಅಪ್ಪ ಮುಟ್ಟಲಿಲ್ಲ. ನನ್ನ ಅಭ್ಯಾಸದ ಹೊತ್ತಿಗೆ ಬೇಸ್‌ಮೆಂಟಿಗೆ ಇಳಿಯುವುದನ್ನೂ ಬಿಟ್ಟರು. ಬಾಯಿಂದ ಬಿದ್ದ ಮೇಲೆ ಹಿಂದಕ್ಕೆ ಸಿಗದ ಇಂಥ ಮಾತೊಂದು ನಿಮ್ಮಲ್ಲೂ ಇರಬಹುದು. ನನಗೆ ಬುದ್ಧಿ ಬರುವಷ್ಟರಲ್ಲಿ ಹದಿನೈದು ವರ್ಷ ಕಳೆದಿತ್ತು. ಒಂದು ಭಾನುವಾರ ಪಿಟೀಲನ್ನು ಅವರ ಮುಂದಿಟ್ಟು, ನುಡಿಸಿ ಎಂದೆ. ಅಪ್ಪ ಬೆರಳುಗಳನ್ನು ಒಮ್ಮೆ ನೋಡಿಕೊಂಡು, "ಕೈ ಮರ್ತೋಗಿದೆ ಪುಟ್ಟಿ," ಎಂದರು. ದನಿಯಲ್ಲಿ ಕೋಪವಿರಲಿಲ್ಲ, ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ಕ್ಷಮೆ ಕೇಳದೆಯೇ ಪಿಟೀಲನ್ನು ಮತ್ತೆ ಪೆಟ್ಟಿಗೆಯಲ್ಲಿಟ್ಟೆ. ಮರುವರ್ಷದ ಚಳಿಗಾಲಕ್ಕೆ ಅವರೇ ಇರಲಿಲ್ಲ.

ಮೊನ್ನೆ ಆ ಖಾಲಿ ಬೇಸ್‌ಮೆಂಟಿನಲ್ಲಿ ನಿಂತು ಆ ಕನ್ಚೆರ್ಟೊದ ನನ್ನ ಭಾಗ ನುಡಿಸಿದೆ. ತಂಡದ ಸರದಿ ಬಂದಾಗ ಕಮಾನು ಇಳಿಸಿ, ತೊಡೆಯ ಮೇಲೆ ತಾಳ ಹಾಕುತ್ತ ಕಾದೆ. ವಾಷಿಂಗ್ ಮಶೀನಿದ್ದ ಜಾಗದಲ್ಲಿ ಅದರ ಕಾಲಿನ ನಾಲ್ಕು ಕಲೆಗಳಷ್ಟೇ ಇದ್ದವು. ಆಮೇಲೆ ಒಂದೊಂದೇ ಬಿರಡೆ ತಿರುಗಿಸಿ, ನಾಲ್ಕೂ ತಂತಿಗಳನ್ನು ಷಡ್ಜ-ಪಂಚಮಕ್ಕೆ ತಂದು, ಸರಿಮಾಡದೆ, ಹಾಗೆಯೇ ಪೆಟ್ಟಿಗೆಯಲ್ಲಿಟ್ಟೆ.