ಕತ್ತರಿ ಅಕ್ಕನ ಆರು ವಾರದ ಕಂಪ್ಯೂಟರ್ ಕೋರ್ಸು

ಸಮವಸ್ತ್ರ ಹೊಲಿಯುವ ಆ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಕತ್ತರಿ ಅಕ್ಕ ಎಂದೇ ಕರೆಯುತ್ತಿದ್ದರು. ಅವಳಿಗಿಂತ ಎರಡು ವರ್ಷ ದೊಡ್ಡವನಾದ ಮ್ಯಾನೇಜರ್ ಕೂಡ ಹಾಗೇ ಕರೆಯುತ್ತಿದ್ದ. ಅವಳ ಕೆಲಸ ಪ್ಯಾಟರ್ನ್ ತೆಗೆಯುವುದು. ಅಂಗಿಯ ಮುಂಭಾಗ, ಬೆನ್ನು, ತೋಳು, ಕಾಲರು ಒಂದೊಂದನ್ನೂ ಕಂದು ಕಾಗದದ ಮೇಲೆ ಬರೆದು, ಕತ್ತರಿಸಿ, ಸರಿ ಬಂದ ಮೇಲೆ ರಟ್ಟಿಗೆ ಇಳಿಸಬೇಕು. ಆ ರಟ್ಟನ್ನು ಬಟ್ಟೆಯ ಮೇಲಿಟ್ಟು ಗೆರೆ ಎಳೆದೇ ಉಳಿದವರು ಕೆಲಸ ಮುಂದುವರಿಸುವುದು. ರಟ್ಟಿನಲ್ಲಿ ಕಾಲಿಂಚು ತಪ್ಪಿದರೆ ನಾನೂರು ಅಂಗಿ ತಪ್ಪುತ್ತವೆ. ಇಪ್ಪತ್ತಾರು ವರ್ಷಗಳಲ್ಲಿ ಅವಳ ಕೈಯಿಂದ ಅಂಥದ್ದು ಒಮ್ಮೆ ಆಗಿತ್ತು. ಅದನ್ನು ಮುಚ್ಚಿಡದೆ, ಹೊಸದಾಗಿ ಸೇರಿದವರಿಗೆಲ್ಲ ತಾನೇ ಹೇಳುತ್ತಿದ್ದಳು.

ಒಂದು ದಿನ ಮ್ಯಾನೇಜರ್ ಅವಳ ಮೇಜಿನ ಹತ್ತಿರ ಬಂದು ನಿಂತ.

"ಅಕ್ಕ, ಕಂಪ್ಯೂಟರ್ ಹೇಳಿದ ಹಾಗೆ ಬಟ್ಟೆ ಕತ್ತರಿಸೋ ಯಂತ್ರ ಬರ್ತಾ ಇದೆ. ಇನ್ನು ಮೇಲೆ ಪ್ಯಾಟರ್ನ್ ಎಲ್ಲ ಸಾಫ್ಟ್‌ವೇರ್‌ನಲ್ಲೇ ಮಾಡಬೇಕು. ಕಲಿಸೋ ಕಡೆ ನಿಮ್ಮ ಹೆಸರು ಬರೆಸಿದ್ದೀನಿ. ಆರು ವಾರ. ಆಗುತ್ತಲ್ಲ?"

"ಐವತ್ತೊಂದು ವರ್ಷ ನನಗೆ," ಎಂದಳು ಅಕ್ಕ.

"ಅದಕ್ಕೇ ಕೇಳಿದ್ದು."

"ಹೋಗ್ತೀನಿ," ಎಂದಳು.

ಮ್ಯಾನೇಜರ್ ಅಂದುಕೊಂಡಷ್ಟು ಕಷ್ಟದ ಮಾತೇನೂ ಅದಾಗಿರಲಿಲ್ಲ. ಹತ್ತನೆಯ ತರಗತಿಯ ನಡುವಿನಲ್ಲಿ ಅವಳ ತಾಯಿ ಹಾಸಿಗೆ ಹಿಡಿದಿದ್ದರು. ಹಿರಿಮಗಳು ಅವಳೇ. ಶಾಲೆ ಬಿಟ್ಟು ಮನೆ ನೋಡಿಕೊಂಡಳು, ತಂಗಿಯರಿಬ್ಬರೂ ಓದಿದರು. ತಂಗಿಯರ ಮೇಲೆ ಅವಳಿಗೆ ಬೇಸರವಿರಲಿಲ್ಲ. ಆದರೆ ತರಗತಿಯೊಂದರಲ್ಲಿ ಕೂತು ಕಲಿಯುವ ಆಸೆ ಒಳಗೆಲ್ಲೋ ಉಳಿದಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ, ಹೇಳುವ ಸಂದರ್ಭವೂ ಬಂದಿರಲಿಲ್ಲ.

ಕೋರ್ಸು ಶುರುವಾಗುವ ಹಿಂದಿನ ದಿನ ಅವಳು ಹೊಸ ಚೀಲ, ಗೆರೆ ಹಾಕಿದ ನೋಟ್‌ಬುಕ್ಕು, ಎರಡು ಪೆನ್ಸಿಲು ತಂದಳು. ಬಸ್ಸು ಓಡಿಸುವ ಗಂಡ ಅದನ್ನು ನೋಡಿದ.

"ಪೆನ್ಸಿಲ್ ಕೆತ್ತಿ ಕೊಡ್ಲಾ? ಸ್ಕೂಲ್ ತನಕ ಕೈ ಹಿಡ್ಕೊಂಡು ಬಿಟ್ಟು ಬರ್ಲಾ?"

"ಸುಮ್ಮನಿರಿ," ಎಂದಳು. ಆದರೂ ನಗು ತಡೆಯಲಾಗಲಿಲ್ಲ.

ತರಬೇತಿ ಕೇಂದ್ರ ಇದ್ದದ್ದು ಕನ್ನಡಕದ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ. ಒಬ್ಬರಿಗೊಂದು ಕಂಪ್ಯೂಟರ್, ಅನುಭವಿ ಶಿಕ್ಷಕರು, ಕೋರ್ಸು ಮುಗಿದ ಮಾರನೆಯ ದಿನವೇ ಸ್ವತಂತ್ರವಾಗಿ ಕೆಲಸ ಎಂದೆಲ್ಲ ಅವರ ಪ್ರಚಾರದ ಹಾಳೆಯಲ್ಲಿ ಅಚ್ಚಾಗಿತ್ತು. ಒಳಗೆ ಹೋದರೆ ಕಲಿಯುವವರು ಹನ್ನೊಂದು ಜನ, ಕಂಪ್ಯೂಟರ್ ಆರು. ಅದರಲ್ಲಿ ಎರಡರ ಮೇಲೆ ಬಟ್ಟೆ ಹೊದಿಸಿತ್ತು. ಕೆಟ್ಟಿವೆಯೇ ಎಂದು ಕೇಳಿದ್ದಕ್ಕೆ, "ರಿಪೇರಿಯವರು ನಾಳೆ ಬರ್ತಾರೆ," ಎಂಬ ಉತ್ತರ ಬಂತು. ಆ ನಾಳೆ ಆರು ವಾರವಾದರೂ ಬರಲಿಲ್ಲ.

ಕಲಿಸುವವನು ಇಪ್ಪತ್ತೈದರ ಆಸುಪಾಸಿನ ತೆಳ್ಳಗಿನ ಯುವಕ. ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಪಾಠ ಮೂಡಿಸಿ ಅದನ್ನೇ ಗಟ್ಟಿಯಾಗಿ ಓದುತ್ತಿದ್ದ. ಇಲ್ಲಿ ಒತ್ತಿ, ಅಲ್ಲಿ ಒತ್ತಿ, ಈಗ ಸೇವ್ ಮಾಡಿ. ಯಾಕೆ ಒತ್ತಬೇಕೆಂದು ಯಾರಾದರೂ ಕೇಳಿದರೆ, "ಅದು ಮುಂದಿನ ಪಾಠದಲ್ಲಿ ಬರುತ್ತೆ," ಎನ್ನುತ್ತಿದ್ದ. ಅಕ್ಕನ ಜೊತೆ ಅದೇ ಕಂಪ್ಯೂಟರಿಗೆ ಇನ್ನಿಬ್ಬರು ಹುಡುಗಿಯರಿದ್ದರು. ಒಬ್ಬಳ ಕೈಯಿಂದ ಇನ್ನೊಬ್ಬಳ ಕೈಗೆ ಮೌಸು ದಾಟಿ ಇವಳ ಪಾಲಿಗೆ ಬರುವಷ್ಟರಲ್ಲಿ ಆ ದಿನದ ಪಾಠ ಮುಗಿದಿರುತ್ತಿತ್ತು. ಅವಳು ಎಲ್ಲವನ್ನೂ ನೋಟ್‌ಬುಕ್ಕಿಗೆ ಇಳಿಸಿಕೊಂಡಳು. ಮನೆಗೆ ಬಂದು ಓದಿದರೆ ತಲೆಬುಡ ಅರ್ಥವಾಗುತ್ತಿರಲಿಲ್ಲ.

ಮೂರು ವಾರ ಅವಳು ತಪ್ಪನ್ನು ತನ್ನ ತಲೆಯ ಮೇಲೇ ಹಾಕಿಕೊಂಡಳು.

"ನನ್ನ ತಲೆಗೆ ಹತ್ತಲ್ಲ. ವಯಸ್ಸಾಯ್ತು," ಎಂದಳು ಒಂದು ಸಂಜೆ, ತರಕಾರಿ ಹೆಚ್ಚುತ್ತಾ.

ಗಂಡ ಪಾಠ ಹೇಗೆ ನಡೆಯುತ್ತದೆಂದು ಕೇಳಿದ. ಅವಳು ವಿವರಿಸಿದಳು. ಅವನು, "ಹಾಗಾದ್ರೆ ಡ್ರೈವಿಂಗ್ ಕಲಿಯೋಕೆ ಬಂದವರನ್ನ ಸೀಟಲ್ಲಿ ಕೂರಿಸಿ ಟಿಕೆಟ್ ಹರಿದು ಕೊಟ್ಟ ಹಾಗಾಯ್ತು," ಎಂದ. "ನಿನ್ನ ತಲೆ ಸರಿಯಾಗೇ ಇದೆ."

ಅವಳಿಗೆ ಆ ಮಾತಿನ ಮೇಲೆ ಪೂರ್ತಿ ನಂಬಿಕೆ ಬರಲಿಲ್ಲ. ಗಂಡ ಅಂದಮೇಲೆ ಹಾಗೇ ಹೇಳುತ್ತಾನೆ.

ನಾಲ್ಕನೆಯ ವಾರ ಅಂಗಿಯ ತೋಳಿನ ಪಾಠ. ತೆರೆಯ ಮೇಲೆ ಅಂಗಿಯ ಭಾಗಗಳು ಮೂಡಿದವು. ಅಕ್ಕ ಅವನ್ನೇ ನೋಡುತ್ತಾ ಕೂತಳು. ಎಲ್ಲೋ ಎಡವಟ್ಟಾಗಿದೆ ಅನ್ನಿಸಿತು. ಚೀಲದಿಂದ ಒಂದು ಎಳೆ ದಾರ ತೆಗೆದು ತೆರೆಯ ಮೇಲೆ ತೋಳಿನ ಮೇಲ್ತುದಿಯ ಬಾಗಿಗೆ ಹಿಡಿದಳು. ಆಮೇಲೆ ಅದೇ ಎಳೆಯನ್ನು ತೋಳು ಕೂರುವ ಸುತ್ತಿಗೆ, ಮುಂಭಾಗದ್ದಕ್ಕೂ ಬೆನ್ನಿನದ್ದಕ್ಕೂ, ಸೇರಿಸಿ ಹಿಡಿದಳು. ಪಕ್ಕದ ಹುಡುಗಿಯರು ಬಾಯಿ ಮುಚ್ಚಿಕೊಂಡು ನಕ್ಕರು.

"ಸರ್, ಈ ತೋಳು ಈ ಅಂಗಿಗೆ ಕೂರಲ್ಲ," ಎಂದಳು ಅಕ್ಕ.

"ಕೂರುತ್ತೆ ಮೇಡಂ. ಅದು ಕಂಪ್ಯೂಟರೇ ಮಾಡಿದ್ದು."

"ತೋಳಿನ ಬಾಗು ಸುತ್ತಿಗಿಂತ ಒಂದು ಕೂದಲೆಳೆ ಹೆಚ್ಚೇ ಇರಬೇಕು. ಇದು ಕಮ್ಮಿ ಇದೆ, ಎರಡಿಂಚಾದ್ರೂ ಕಮ್ಮಿ. ಹೊಲಿದ್ರೆ ಕೈ ಎತ್ತಿದ ಕೂಡಲೇ ಹರಿಯುತ್ತೆ. ಸರಿ ಮಾಡೋದು ಹೇಗೆ ಅಂತ ತೋರಿಸಿ."

ಅವನು ಅವಳ ಕುರ್ಚಿಯಲ್ಲಿ ಕೂತು ಅದನ್ನೊತ್ತಿ ಇದನ್ನೊತ್ತಿ ನೋಡಿದ. ತೋಳು ಒಮ್ಮೆ ಬಲೂನಿನಂತೆ ಉಬ್ಬಿತು, ಒಮ್ಮೆ ಮಾಯವೇ ಆಯಿತು. ಉಳಿದವರೆಲ್ಲ ಎದ್ದು ಬಂದು ಸುತ್ತ ನಿಂತರು. ಕೊನೆಗೆ ಅವನು, "ಫೈಲು ಬಂದಿರೋದೇ ಹೀಗೆ ಮೇಡಂ," ಎಂದು ಎದ್ದುಬಿಟ್ಟ. ಈ ಸಲ ಯಾರೂ ನಗಲಿಲ್ಲ.

ತರಗತಿ ಬಿಟ್ಟ ಮೇಲೆ ಅವನು ಮೆಟ್ಟಿಲ ಬಳಿ ಅವಳಿಗಾಗಿ ಕಾದಿದ್ದ.

"ಮೇಡಂ, ನಾನು ಇಲ್ಲಿ ಸೇರಿ ಎರಡು ತಿಂಗಳಾಯ್ತು ಅಷ್ಟೇ. ಮೊದಲು ಟೈಪಿಂಗ್ ಹೇಳಿಕೊಡ್ತಿದ್ದೆ. ಇದನ್ನ ಕಲಿಸಿ ಅಂದ್ರು, ಪುಸ್ತಕ ಕೊಟ್ರು. ಒಂದು ಅಂಗೀನೂ ಹೊಲಿದವನಲ್ಲ ನಾನು."

ಅಕ್ಕನಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಸಂಕಟ. ಒಂದು ಕಡೆ, ತನ್ನ ತಲೆ ಕೆಟ್ಟಿಲ್ಲವೆಂದು ಗೊತ್ತಾಗಿ ಹಗುರಾಯಿತು. ಇನ್ನೊಂದು ಕಡೆ, ಅಷ್ಟು ವರ್ಷ ಕಾದು ಬಂದ ತರಗತಿಯಲ್ಲಿ ಮೇಷ್ಟರೇ ಇರಲಿಲ್ಲವಲ್ಲ ಅನ್ನಿಸಿತು. "ಗೊತ್ತಿಲ್ಲ ಅಂತ ಮೊದಲ ದಿನವೇ ಹೇಳಿದ್ದಿದ್ರೆ ಎಲ್ಲರೂ ಸೇರಿ ಹುಡುಕಬಹುದಿತ್ತಪ್ಪ," ಎಂದಷ್ಟೇ ಹೇಳಿ ಮೆಟ್ಟಿಲಿಳಿದಳು. ಮನೆಗೆ ಬಂದವಳು ನೋಟ್‌ಬುಕ್ಕನ್ನು ಚೀಲದಿಂದ ಹೊರಗೆ ತೆಗೆಯಲಿಲ್ಲ.

ಆದರೂ ಕೋರ್ಸು ಬಿಡಲಿಲ್ಲ. ಉಳಿದ ದಿನಗಳೂ ಹೋಗಿ ಕೂತು ಬಂದಳು. ಕೊನೆಯ ದಿನ ಕೇಂದ್ರದ ಮುಖ್ಯಸ್ಥೆ ತನ್ನ ಕೋಣೆಗೆ ಒಬ್ಬೊಬ್ಬರನ್ನೇ ಕರೆದು ಸರ್ಟಿಫಿಕೇಟ್ ಕೊಡುತ್ತಿದ್ದಳು. ಜೊತೆಗೆ ಅಭಿಪ್ರಾಯದ ಹಾಳೆ ಇತ್ತು. ಎಲ್ಲ ಸಾಲಿನಲ್ಲೂ "ಅತ್ಯುತ್ತಮ" ಎಂಬಲ್ಲಿ ಮೊದಲೇ ಗುರುತು ಹಾಕಿತ್ತು, ಸಹಿ ಮಾಡುವುದಷ್ಟೇ ಬಾಕಿ.

"ನಾನು ಕಲಿತಿಲ್ಲ. ಸಹಿ ಹಾಕಲ್ಲ," ಎಂದಳು ಅಕ್ಕ.

"ಸಹಿ ಇಲ್ಲದೆ ಸರ್ಟಿಫಿಕೇಟ್ ಕೊಡೋಕಾಗಲ್ಲ."

"ಬೇಡ. ನೀವೇ ಇಟ್ಕೊಳ್ಳಿ."

ಮಾರನೆಯ ಬೆಳಿಗ್ಗೆ ಮ್ಯಾನೇಜರ್ ಎದುರು ನಿಂತು ನಡೆದದ್ದನ್ನು ನಡೆದ ಹಾಗೆಯೇ ಹೇಳಿದಳು. ಅವನು ತಲೆ ಕೆರೆದುಕೊಂಡ. ಯಂತ್ರ ಅಷ್ಟರಲ್ಲಿ ಬಂದು ಕೆಳ ಅಂತಸ್ತಿನಲ್ಲಿ ಕೂತಿತ್ತು.

"ಸರ್ಟಿಫಿಕೇಟ್ ಇರೋ ಯಾರನ್ನಾದ್ರೂ ತಗೋಬೇಕಾಗುತ್ತೆ ಅಕ್ಕ," ಎಂದ.

"ತಗೊಳ್ಳಿ. ಆದ್ರೆ ತೋಳು ಬರೆಸಿ ನೋಡಿ ತಗೊಳ್ಳಿ."

ಕೆಲಸ ಕೇಳಿ ಬಂದವರಲ್ಲಿ ಮೊದಲ ನಾಲ್ಕು ಜನರಿಂದ ಸರಿಯಾದ ತೋಳು ಬರಲಿಲ್ಲ. ಐದನೆಯವಳು ಬರೆದಳು. ಎರಡು ಮಕ್ಕಳ ತಾಯಿ, ಬೇರೊಂದು ಕಾರ್ಖಾನೆಯಲ್ಲಿ ಆರು ವರ್ಷ ಇದೇ ಸಾಫ್ಟ್‌ವೇರ್‌ನಲ್ಲಿ ಕೆಲಸ ಮಾಡಿದವಳು. ಅವಳನ್ನು ಅಕ್ಕನ ಮೇಲಿನ ಸ್ಥಾನಕ್ಕೇ ತೆಗೆದುಕೊಂಡರು. ಇಪ್ಪತ್ತಾರು ವರ್ಷದ ಮೇಲೆ ಅಕ್ಕನಿಗೆ ಮೊದಲ ಬಾರಿಗೆ, ಮ್ಯಾನೇಜರನ್ನು ಬಿಟ್ಟರೆ, ಮೇಲಧಿಕಾರಿ ಬಂದಳು, ಅದೂ ಹದಿನೈದು ವರ್ಷ ಚಿಕ್ಕವಳು. ಒಂದು ವಾರ ಅಕ್ಕ ಅವಳ ಜೊತೆ ಬೇಕಾದಷ್ಟೇ ಮಾತಾಡಿದಳು.

ಎರಡನೆಯ ವಾರ ತಾನೇ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತಳು. "ನಿಧಾನಕ್ಕೆ ಹೇಳ್ತೀಯಾ? ಯಾಕೆ ಒತ್ತೋದು ಅಂತಾನೂ ಹೇಳಬೇಕು."

"ಹೇಳ್ತೀನಿ ಅಕ್ಕ. ನನಗೂ ಕಲಿಯೋಕೆ ಎರಡು ವರ್ಷ ಬೇಕಾಯ್ತು. ಆರು ವಾರದಲ್ಲಿ ಯಾರಿಗೂ ಬರಲ್ಲ ಇದು," ಎಂದಳು ಅವಳು.

ದಿನಾ ಊಟದ ನಂತರ ಅರ್ಧ ಗಂಟೆ ಕೂತರು. ಏಳು ತಿಂಗಳಾದ ಮೇಲೆ ಅಕ್ಕ ಒಬ್ಬಳೇ ಒಂದು ಅಂಗಿಯನ್ನು ಐದು ಅಳತೆಗಳಲ್ಲಿ ಕಂಪ್ಯೂಟರಿನಲ್ಲಿ ಮಾಡಿ ಮುಗಿಸಿದಳು. ಕಷ್ಟದ ಪ್ಯಾಟರ್ನ್ ಇದ್ದರೆ ಈಗಲೂ ಮೊದಲು ಕಾಗದಕ್ಕೇ ಹೋಗುತ್ತಾಳೆ. ಅದರ ಬಗ್ಗೆ ಅವಳಿಗೆ ನಾಚಿಕೆಯೂ ಇಲ್ಲ, ಹೆಮ್ಮೆಯೂ ಇಲ್ಲ.

ಆ ವರ್ಷದ ಕೊನೆಗೆ ತರಬೇತಿ ಕೇಂದ್ರದಿಂದ ಒಂದು ಫೋನು ಬಂತು. ಅವಳು ಕಂಪ್ಯೂಟರಿನಲ್ಲಿ ಕೆಲಸ ಮಾಡುವುದು ಅವರ ಕಿವಿಗೂ ಬಿದ್ದಿತ್ತು. ಹೊಸ ಜಾಹೀರಾತಿಗೆ ಅವಳ ಫೋಟೊ ಬೇಕಂತೆ. ಐವತ್ತು ದಾಟಿದವರೂ ಕಲಿಯಬಹುದೆಂದು ಜನಕ್ಕೆ ತೋರಿಸಲಿಕ್ಕೆ.

"ಆ ಮಾತು ನಿಜ. ಕಲಿಯಬಹುದು," ಎಂದಳು ಅಕ್ಕ. "ಆದ್ರೆ ನಾನು ಕಲಿತದ್ದು ನಿಮ್ಮಲ್ಲಲ್ಲ," ಎಂದು ಫೋನಿಟ್ಟು, ಊಟದ ಡಬ್ಬಿ ತೊಳೆಯಲು ಹೋದಳು.