ನಾಲಿಗೆಯ ಕೆಳಗಿನ ಗುಳಿಗೆ

ಜೈಲಿನ ಮಾನಸಿಕ ವಾರ್ಡಿನಲ್ಲಿ ಸಿಸ್ಟರಮ್ಮನ ಅರ್ಧ ಕೆಲಸ ಗುಳಿಗೆ ಕೊಡುವುದು, ಇನ್ನರ್ಧ ಕೊಟ್ಟ ಗುಳಿಗೆ ಹೊಟ್ಟೆಗೆ ಹೋಯಿತೇ ಎಂದು ನೋಡುವುದು. ಬಾಯಿ ತೆಗೆಸಬೇಕು, ನಾಲಿಗೆ ಎತ್ತಿಸಬೇಕು, ದವಡೆಯ ಸಂದಿಗೆ ಟಾರ್ಚು ಬಿಡಬೇಕು. ಈ ಚಾಳಿ ಮನೆಗೂ ಬಂದಿತ್ತು. ಒಮ್ಮೆ ಬಿ.ಪಿ. ಮಾತ್ರೆ ಕೊಟ್ಟು ಅತ್ತೆಗೂ ನಾಲಿಗೆ ಎತ್ತಿ ಎಂದುಬಿಟ್ಟಿದ್ದಳು. ಅತ್ತೆಯ ಬೈಗುಳ ಸಂಜೆಯವರೆಗೂ ನಿಲ್ಲಲಿಲ್ಲ.

ಬೇರೆ ಆಸ್ಪತ್ರೆಯವರು ಕರೆದರೂ ಆಕೆ ಹೋಗಿರಲಿಲ್ಲ. ಅಲ್ಲಿ ರೋಗಿಯ ಕಡೆಯವರು ತಲೆ ತಿನ್ನುತ್ತಾರೆ, ಇಲ್ಲಿ ಆ ಕಾಟವಿಲ್ಲ ಎನ್ನುವಳು. ಇಲ್ಲಿನವರಿಗೆ ಕಡೆಯವರೇ ಇಲ್ಲ ಎಂಬುದನ್ನು ಮಾತ್ರ ಬಿಡಿಸಿ ಹೇಳುತ್ತಿರಲಿಲ್ಲ.

ಹೊರಗೆ ಟೈಲರ್ ಆಗಿದ್ದ ಒಬ್ಬ ಕೈದಿಯನ್ನು ನೋಡಲು ಮಾತ್ರ ಅವನ ತಾಯಿ ಬರುತ್ತಿದ್ದಳು. ಕಾಯಿಲೆ ಕೆರಳಿದ ದಿನ ಅವನು, ಮನೆಗೆ ಬಂದವನು ತಮ್ಮನಲ್ಲ, ತಮ್ಮನ ವೇಷ ಹಾಕಿದ ಇನ್ಯಾರೋ ಎಂದುಕೊಂಡು ಕತ್ತರಿ ಎತ್ತಿದ್ದ. ತಮ್ಮ ಉಳಿಯಲಿಲ್ಲ. ತಾಯಿ ಜಾಲರಿಯಾಚೆ ನಿಂತು, ಉಳಿದ ಮಗನ ಊಟದ ವಿಚಾರ ಕೇಳಿಕೊಂಡು ಹೋಗುತ್ತಿದ್ದಳು. ಚಿಕಿತ್ಸೆಯಿಂದ ಅವನು ಬಹಳ ಸುಧಾರಿಸಿದ. ತಮ್ಮನ ಸುದ್ದಿ ಮಾತ್ರ ಎತ್ತುತ್ತಿರಲಿಲ್ಲ. ಮುಂದಿನ ತಪಾಸಣೆಯಲ್ಲಿ ಡಾಕ್ಟರು ಒಪ್ಪಿದರೆ ಬೀಗದ ವಾರ್ಡು ಬಿಟ್ಟು ಜೈಲಿನ ಹೊಲಿಗೆ ವಿಭಾಗಕ್ಕೆ ಹೋಗಬಹುದು. ಅಲ್ಲಿ ಜಾಲರಿಯಿಲ್ಲ, ತಾಯಿ ಪಕ್ಕದಲ್ಲೇ ಕೂರಬಹುದು. ಅದನ್ನೊಂದು ನೋಡಬೇಕೆಂದು ಸಿಸ್ಟರಮ್ಮನಿಗೆ ಬಹಳ ಆಸೆ.

ಆ ಆಸೆಯಲ್ಲೇ ಆಕೆ ಎಡವಿದಳು. ಹುಷಾರಾದ ಮನುಷ್ಯನ ಬಾಯಿಗೆ ಟಾರ್ಚು ಬಿಡುವುದು ಮರ್ಯಾದೆಯಲ್ಲ ಎನ್ನಿಸಿ, ಟೈಲರನ ಬಾಯಿ ನೋಡುವುದನ್ನೇ ಬಿಟ್ಟಳು. ಆಕೆಯ ಮಟ್ಟಿಗೆ ಅದು ದೊಡ್ಡ ಸನ್ಮಾನ. ಪದಕ ತೊಡಿಸುವುದೊಂದು ಬಾಕಿ.

ಕೆಲವು ವಾರಗಳಲ್ಲಿ ಟೈಲರ್ ಗೋಡೆಯ ಜೊತೆ ಮಾತಿಗಿಳಿದ. ಜಗಳವಲ್ಲ, ನಗುನಗುತ್ತಾ ಹರಟೆ. ಸಿಸ್ಟರಮ್ಮ ಅವನ ಹಾಸಿಗೆ ಮಗುಚಿದರೆ ಹೊಲಿಗೆಯ ಸಂದಿಯಲ್ಲಿ ಗುಳಿಗೆಗಳು, ಅಂಗಿಗೆ ಗುಂಡಿ ಹಚ್ಚಿದಷ್ಟು ಅಚ್ಚುಕಟ್ಟಾಗಿ ಸಾಲಾಗಿ. ಡಾಕ್ಟರಿಗೆ ತನ್ನ ತಪ್ಪು ಹೇಳಿ ಬೈಸಿಕೊಂಡಳು. ತಪಾಸಣೆ ಮುಂದಕ್ಕೆ ಹೋಯಿತು. ತಾಯಿಗೆ ತಿಳಿಸುವ ಕೆಲಸವೂ ಆಕೆಯ ಪಾಲಿಗೇ ಬಂತು.

ಆಮೇಲೆ ಅವನ ಅಂಗೈಗೆ ಅಂದಿನ ಗುಳಿಗೆ ಹಾಕಿ, ಎದುರು ಕುಳಿತು, ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿದಳು.

"ಗುಳಿಗೆ ತಗೊಂಡ್ರೆ ತಮ್ಮ ಮಾತಾಡಲ್ಲ ಸಿಸ್ಟರ್," ಎಂದ ಟೈಲರ್. "ಅವನು ಸುಮ್ನಾದ್ರೆ, ಕೊಂದಿದ್ದು ನಾನೇ ಅಂತ ನಂಗೆ ಗೊತ್ತಾಗಿಬಿಡುತ್ತೆ."

ಇಷ್ಟು ದಿನ ಇವನನ್ನು ಯಾವುದಕ್ಕಾಗಿ ಗುಣಪಡಿಸುತ್ತಿದ್ದೆ ಎಂದು ಸಿಸ್ಟರಮ್ಮ ಮೊದಲ ಸಲ ಯೋಚಿಸಿದಳು.

"ಗೊತ್ತಾಗುತ್ತೆ," ಎಂದಳು. "ಆಗ ನಾನು ಇಲ್ಲೇ ಇರ್ತೀನಿ. ನುಂಗಿ."

ಅವನು ಅಂಗೈಯಲ್ಲಿದ್ದ ಗುಳಿಗೆಯನ್ನು ಬಹಳ ಹೊತ್ತು ನೋಡಿ, ನುಂಗಿದ. ಆಕೆ ಅವನ ಬಾಯಿಗೆ ಟಾರ್ಚು ಬಿಟ್ಟು ಮೂಲೆಮೂಲೆಯನ್ನೂ ನೋಡಿದಳು.

ದಿನ ಕಳೆದಂತೆ ಗೋಡೆಯ ಜೊತೆಗಿನ ಹರಟೆ ನಿಂತಿತು. ಒಂದು ಮಧ್ಯಾಹ್ನ ಟೈಲರ್ ನೆಲಕ್ಕೆ ಕುಸಿದು, ತಮ್ಮನ ಹೆಸರು ಹಿಡಿದು ಅಳತೊಡಗಿದ. ವಾರ್ಡಿಗೆಲ್ಲ ಕೇಳುವಂಥ ಅಳು. ಕಾವಲುಗಾರ ಓಡಿಬಂದು, ಕಾಯಿಲೆ ಮತ್ತೆ ಕೆರಳಿತಲ್ಲ, ಇಂಜೆಕ್ಷನ್‌ಗೆ ಡಾಕ್ಟರನ್ನು ಕರೆಯಲೇ ಎಂದು ಕೇಳಿದ.

"ಬೇಡ," ಎಂದಳು ಸಿಸ್ಟರಮ್ಮ, ಟೈಲರನ ಪಕ್ಕ ನೆಲದ ಮೇಲೆ ಕೂರುತ್ತಾ. "ಗುಳಿಗೆ ಕೆಲಸ ಮಾಡ್ತಿದೆ."